ಅಂಚಿನಲ್ಲಿ ಹೆಸರಿಲ್ಲ

“ಅಪ್ಪ, ಇದರ ಮರಿ ಎಲ್ಲಿ ಸಿಗತ್ತೆ?” ಎಂದು ಮಗಳು ಕೇಳಿದಾಗ ಕಮಡೋರ್ ಚಹಾದ ಲೋಟ ಬಾಯಿಗೆ ಹಿಡಿದಿದ್ದ. ಗುಟುಕು ನುಂಗಿ, “ಗೊತ್ತಿಲ್ಲಮ್ಮ,” ಎಂದ. ಎಣ್ಣೆ ಉಂಡ ಕೀಲಿನಂತೆ ಸುಳ್ಳು ಎಷ್ಟು ಸಲೀಸಾಗಿ ತಿರುಗಿತು ಎಂದು ಅವನಿಗೇ ಆಶ್ಚರ್ಯವಾಯಿತು. ನೌಕಾಪಡೆಯಲ್ಲಿ ಎಂಜಿನಿಯರನಾಗಿ ಆಯುಷ್ಯ ಸವೆಸಿ ಕಮಡೋರ್ ಹುದ್ದೆಗೆ ಏರಿದವನು. ಯಾವ ನಟ್ಟು ಯಾವ ಉಗ್ರಾಣದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವನು. ನಿವೃತ್ತನಾದ ಮೇಲೂ ಬೀದಿಯವರು ಪಂಪು ಕೆಟ್ಟರೆ, ಮಿಕ್ಸಿ ಕೆಟ್ಟರೆ, ಅಳಿಯ ಕೆಟ್ಟರೆ ಕೂಡ ಅವನ ಬಾಗಿಲನ್ನೇ ತಟ್ಟುತ್ತಿದ್ದರು. ಅಂಥವನ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತು ಬಂದದ್ದನ್ನು ಮೇಜಿನ ಸುತ್ತ ಯಾರೂ ಗಮನಿಸಲಿಲ್ಲ. ಅದೂ ಅವನಿಗೆ ಸ್ವಲ್ಪ ಚುಚ್ಚಿತು.

ಕಪ್ಪು ಬಸಿಗಳ ನಡುವೆ ಮಗಳ ಪದಕ ತನ್ನ ಪೆಟ್ಟಿಗೆಯಲ್ಲಿ ಬಾಯಿ ತೆರೆದು ಕೂತಿತ್ತು. ಸಮುದ್ರದ ನಡುವೆ ಹೊತ್ತಿ ಉರಿಯುತ್ತಿದ್ದ ಸರಕಿನ ಹಡಗಿಗೆ ಚಿಕ್ಕ ದೋಣಿಯಲ್ಲಿ ಹೋಗಿ, ಒಳಗಿದ್ದವರನ್ನು ಇಳಿಸಿಕೊಂಡು ಬಂದದ್ದಕ್ಕೆ ಕೊಟ್ಟ ಶೌರ್ಯದ ಪದಕ. ಅಪ್ಪನಂತೆ ನೌಕಾಪಡೆ ಸೇರಿದ್ದ ಅವಳ ಎದೆಗೆ ಹೋದ ವಾರ ಅದನ್ನು ಚುಚ್ಚಿದ್ದರು. ಅದರ ಅಂಚಿನ ಮೇಲೆ ಅವಳ ಹೆಸರು, ಹುದ್ದೆ ಸಣ್ಣ ಅಕ್ಷರಗಳಲ್ಲಿ ಕೆತ್ತಿದ್ದರು. ಅದು ಸರಕಾರ ಕೊಡುವ ದೊಡ್ಡ ಪದಕ. ಹಗಲಿನ ಕವಾಯತಿಗೆ ಅದು ಸರಿ. ಸಂಜೆ ಮೆಸ್ಸಿನಲ್ಲಿ ಅಧಿಕಾರಿಗಳ ಊಟವಿದ್ದಾಗ ಸೊಂಟದವರೆಗಿನ ಗಿಡ್ಡ ಕೋಟು ತೊಡಬೇಕು, ಅದರ ಮೇಲೆ ಅದೇ ಪದಕಗಳ ಅರ್ಧ ಅಳತೆಯ ಪ್ರತಿಗಳನ್ನು ಹಾಕಬೇಕು. ಅವನ್ನು ಸರಕಾರ ಕೊಡುವುದಿಲ್ಲ. ಅವರವರೇ ಅಂಗಡಿಯಲ್ಲಿ ಕೊಳ್ಳಬೇಕು. ಹೆಂಡತಿ ಮದುವೆಯಾದ ಹೊಸದರಲ್ಲಿ ಅವುಗಳನ್ನು ಮರಿಗಳು ಎಂದು ಕರೆದಿದ್ದಳು. ಮನೆಯಲ್ಲಿ ಅದೇ ಹೆಸರು ನಿಂತಿತ್ತು.

“ಅಂಗಡಿಯಲ್ಲಿ ಕೇಳ್ದೆ. ಖಾಲಿಯಂತೆ, ತರಿಸಬೇಕಂತೆ,” ಎಂದಳು ಮಗಳು. “ಊಟ ಇವತ್ತೇ ರಾತ್ರಿ. ಅವರು ತರಿಸೋ ಹೊತ್ತಿಗೆ ನಾನೇ ರಿಟೈರ್ ಆಗಿರ್ತೀನಿ.”

“ದೊಡ್ಡದನ್ನೇ ಹಾಕ್ಕೊಂಡು ಹೋಗೇ. ಯಾರು ಟೇಪು ಹಿಡ್ಕೊಂಡು ಅಳೀತಾರೆ?” ಎಂದಳು ಹೆಂಡತಿ.

“ಅಮ್ಮಾ, ಗಿಡ್ಡ ಕೋಟಿಗೆ ದೊಡ್ಡ ಪದಕ ಅಂದ್ರೆ ರೇಷ್ಮೆ ಸೀರೆ ಮೇಲೆ ಹೆಲ್ಮೆಟ್ ಹಾಕಿದ ಹಾಗೆ.”

“ಹಾಗಾದ್ರೆ ಜಾಗ ಖಾಲಿ ಬಿಡು. ನಿನಗೆ ಬಂದಿದೆ ಅಂತ ಊರಿಗೆಲ್ಲ ಗೊತ್ತಲ್ಲ.”

“ಬಿಡ್ತೀನಿ, ಇನ್ನೇನು ಮಾಡೋದು? ಹೇಗಿದ್ರೂ ಮಧ್ಯಾಹ್ನ ಮಾಸ್ಟರ್ ಹತ್ರ ಹೋಗಿ ಇರೋ ಎರಡನ್ನ ಹೊಲಿಸ್ಕೊಂಡು ಬರ್ತೀನಿ,” ಎಂದು ಅವಳು ಹಗುರವಾಗಿಯೇ ಹೇಳಿದಳು. ಆದರೆ ಹೇಳುವಾಗ ಅವಳ ಹೆಬ್ಬೆರಳು ಎಡ ಎದೆಯ ಮೇಲೆ, ಸಾಲಿನ ಮೊದಲ ಪದಕ ಕೂರುವ ಜಾಗವನ್ನು ಒಮ್ಮೆ ಸವರಿ ಹೋಯಿತು. ಆ ಹೆಬ್ಬೆರಳನ್ನು ಕಮಡೋರ್ ನೋಡಿಬಿಟ್ಟ. ನೋಡಬಾರದಿತ್ತು.

ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ತನ್ನ ಗಿಡ್ಡ ಕೋಟು ತೊಟ್ಟ. ಗುಂಡಿ ಕೂತಿತು. ಹೊಟ್ಟೆಯನ್ನು ಒಳಗೆಳೆಯಬೇಕಾಯಿತು, ಆದರೆ ಕೂತಿತು. ಇವತ್ತಿನ ಊಟಕ್ಕೆ ಅವನಿಗೂ ಕರೆಯಿತ್ತು. ಅಪ್ಪ ಮಗಳು ಒಂದೇ ಮೇಜಿಗೆ ಕೂರುವುದು ಈ ಮೆಸ್ಸಿನಲ್ಲಿ ಇದೇ ಮೊದಲು ಎಂದು ಕಾರ್ಯದರ್ಶಿ ಎರಡೆರಡು ಸಲ ಫೋನು ಮಾಡಿ ಹೇಳಿದ್ದ. ಕನ್ನಡಿಯಲ್ಲಿ ಅವನ ಮರಿಗಳು ಒಂದರ ಅಂಚಿನ ಮೇಲೊಂದು ಒರಗಿ, ಹಲ್ಲು ಗಿಂಜಿದ ಹಾಗೆ ಮಿನುಗಿದವು. ನೋಡಿದವರಿಗೆ ಭರ್ಜರಿ ಸಾಲು. ಯಾವುದು ಯಾಕೆ ಬಂತು ಎಂಬುದು ತೊಟ್ಟವನಿಗೆ ಮಾತ್ರ ಗೊತ್ತು. ಆ ಕೊನೆಯದು ನೌಕಾಪಡೆಯ ಹಬ್ಬದ ವರ್ಷದ್ದು, ಆ ದಿನ ಸಂಬಳದ ಪಟ್ಟಿಯಲ್ಲಿದ್ದವರಿಗೆಲ್ಲ ಸಿಕ್ಕಿದ್ದು. ಅವತ್ತು ಅವನು ಗದ್ದಕಟ್ಟು ಬಂದು ಆಸ್ಪತ್ರೆಯಲ್ಲಿ ಕುಂಬಳಕಾಯಿ ಮುಖ ಮಾಡಿಕೊಂಡು ಮಲಗಿದ್ದ, ಅಡುಗೆಯವನು ಬಂದು “ಸಾರ್, ನಿಮಗೂ ಬಂತು” ಎಂದಾಗ ಇನ್ನೊಂದು ಕಾಯಿಲೆಯೇನೋ ಎಂದುಕೊಂಡಿದ್ದ. ಅದರ ಪಕ್ಕದ್ದು ಯುದ್ಧದ್ದು. ಯುದ್ಧ ಎಂದರೆ ಜನ ತೋಪು ಗುಂಡು ಎಂದುಕೊಳ್ಳುತ್ತಾರೆ. ಅವನಿಗೆ ಅದು ಹಡಗಿನ ಹೊಟ್ಟೆಯಲ್ಲಿ ಬೆವರು ಸುರಿಸಿಕೊಂಡು ಒಂದು ಬೇರಿಂಗಿನ ಮೇಲೆ ಕೈಯಿಟ್ಟು ಕೂತದ್ದು, ಮೇಲೆ ಏನಾಗುತ್ತಿದೆ ಎಂದು ತಿಳಿಯದೆ, ಬೇರಿಂಗು ಬಿಸಿಯಾಗದಿರಲಿ ಎಂದು ಮಗುವಿನ ಹಣೆ ಮುಟ್ಟುವ ಹಾಗೆ ಮುಟ್ಟಿ ಮುಟ್ಟಿ ನೋಡಿದ್ದು. ನಡುವಿನದು ಪ್ರವಾಹದ್ದು. ಮುಳುಗಿದ ಊರಿಗೆ ಕುಡಿಯುವ ನೀರಿನ ಡಬ್ಬ ಹೊತ್ತುಕೊಂಡು ಹೋಗಿದ್ದರು, ಛಾವಣಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳು ಡಬ್ಬ ಇಸಿದುಕೊಂಡು, “ನೀರೇ ತಂದ್ಯಾ ಮಗನೇ? ಸುತ್ತ ನೋಡು, ನೀರು ಕಮ್ಮಿ ಆಗಿದೆಯಾ?” ಎಂದು ನಕ್ಕಿದ್ದಳು. ಈ ಒಂದು ಪದಕವನ್ನು ಮಾತ್ರ ಅವನು ಬೆರಳಿನಿಂದ ಮುಟ್ಟುತ್ತಿದ್ದ. ಎಲ್ಲಕ್ಕೂ ಮುಂದಿನದು, ಹೆಚ್ಚು ಬೆಲೆಯದು, ದುರಸ್ತಿ ಕಾರ್ಖಾನೆ ಕಟ್ಟಿಸಿದ್ದಕ್ಕೆ ಕೊನೆಗಾಲಕ್ಕೆ ಬಂದದ್ದು. ಅದು ಕುರ್ಚಿಯ ಮೇಲೆ ಕೂತು ಗಳಿಸಿದ್ದು, ಹಾಗೆಂದು ನಾಚಿಕೆಯೇನಿಲ್ಲ. ಆ ಕಾರ್ಖಾನೆಯಲ್ಲಿ ಇವತ್ತಿಗೂ ಹಡಗುಗಳು ಗುಣವಾಗಿ ಹೋಗುತ್ತವೆ. ಅವನು ಯಾರ ಕಾಲು ಹಿಡಿದೂ ಮೇಲೆ ಬಂದವನಲ್ಲ, ಯಾರ ಕಾಲು ಎಳೆದೂ ಬಂದವನಲ್ಲ. ಎದೆ ತಟ್ಟಿ ಹೇಳಬಲ್ಲ. ತಟ್ಟಿದರೆ ಈ ಮರಿಗಳು ಗಲಗಲ ಎನ್ನುತ್ತವೆ, ಅಷ್ಟೆ.

ಆದರೆ ಈ ಸಾಲಿನಲ್ಲಿ ಇಲ್ಲದ ಒಂದು ಮರಿ ಕಪಾಟಿನ ಮೇಲ್ಗಡೆ, ಹಳೆಯ ಸ್ಲೈಡ್ ರೂಲಿನ ಚರ್ಮದ ಚೀಲದಲ್ಲಿತ್ತು. ಲೆಕ್ಕ ಮಾಡುವ ಆ ಕಡ್ಡಿಯನ್ನು ಈಗ ಯಾರೂ ಮುಟ್ಟುವುದಿಲ್ಲವಾದ್ದರಿಂದ ಅದಕ್ಕಿಂತ ಭದ್ರವಾದ ತಿಜೋರಿ ಮನೆಯಲ್ಲಿ ಇರಲಿಲ್ಲ. ಮಗಳಿಗೆ ಬಂದದ್ದೇ ಪದಕ, ಅದರ ಮರಿ. ಆಗ ಅವನಿಗೆ ಮೀಸೆ ಕಪ್ಪಿತ್ತು. ಎಂಜಿನ್ ರೂಮಿನಲ್ಲಿ ಎಣ್ಣೆಯ ಪೈಪು ಒಡೆದು ಬೆಂಕಿ ಹತ್ತಿತ್ತು, ಕೆಳಗಿಳಿದು ವಾಲ್ವು ಮುಚ್ಚಿದ್ದ. ಕ್ಯಾಪ್ಟನ್ ಉದ್ದ ಕತ್ತಿನ ಮನುಷ್ಯ, ಹುಡುಗರೆಲ್ಲ ಹಿಂದಿನಿಂದ ಕೊಕ್ಕರೆ ಎನ್ನುತ್ತಿದ್ದರು, ಬೆಂಕಿ ಆರಿದ ಮರುದಿನ ಅವರು ಅವನ ಹೆಗಲ ಮೇಲೆ ಕೈಯಿಟ್ಟು, “ಪದಕಕ್ಕೆ ನಿನ್ನ ಹೆಸರು ಮೇಲೆ ಹೋಗಿದೆ ಕಣಯ್ಯ. ಆಯ್ತು ಅಂತ್ಲೇ ತಿಳ್ಕೋ,” ಎಂದಿದ್ದರು. ಅವನು ಆಯ್ತು ಅಂತಲೇ ತಿಳಿದುಕೊಂಡ. ಮುಂದಿನ ಬಂದರಿನಲ್ಲಿ ಪದಕಗಳ ಅಂಗಡಿ ಕಂಡಿತು. ಗಾಜಿನ ಕೆಳಗೆ ನೀಲಿ ಮಕಮಲ್ಲಿನ ಮೇಲೆ ಅದು ಇತ್ತು. ಕೊಳ್ಳುವಾಗ ಅಂಗಡಿಯವನು ಕಣ್ಣೆತ್ತಿಯೂ ನೋಡದಿದ್ದದ್ದು, ತಾನು ಮಾತ್ರ ಬಾಗಿಲಿನ ಕಡೆ ನೋಡಿದ್ದು, ಹೊರಗೆ ಬಂದು ಜೇಬಿನಲ್ಲಿ ಅದರ ಮುಳ್ಳು ತೊಡೆಗೆ ಚುಚ್ಚುತ್ತಿದ್ದರೂ ಕೈಹಾಕದೆ ನಡೆದದ್ದು, ಎಲ್ಲ ನೆನಪಿದೆ. ಪದಕ ಪಡೆದವರ ಪಟ್ಟಿ ಬಂತು. ಪದಕ ಕೊಕ್ಕರೆಗೆ ಬಂದಿತ್ತು. ಹಡಗನ್ನು ಉಳಿಸಿದ್ದಕ್ಕೆ. ಸುಳ್ಳೇನಲ್ಲ, ಅವರೂ ಮೇಲೆ ನಿಂತು ಹಡಗನ್ನು ಬಂಡೆಗೆ ಬಡಿಯದ ಹಾಗೆ ಹಿಡಿದಿದ್ದರು. ಅವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಅಂಗೈ ಉರಿದದ್ದು ಬೆಂಕಿಯ ದಿನಕ್ಕಿಂತ ಅವತ್ತೇ ಹೆಚ್ಚು.

ಅದಾದರೂ ಆಗಿ ಮುಗಿದಿತ್ತು. ಮುಗಿಯದೆ ಉಳಿದದ್ದು ಬೇರೆ. ಆ ವಾರದ ಊಟಕ್ಕೆ ಮುಂಚೆ ಕ್ಯಾಪ್ಟನ್ ಅವನ ಕ್ಯಾಬಿನ್ನಿಗೆ ಬಂದು, ಬಾಗಿಲಲ್ಲೇ ಕತ್ತು ಬಗ್ಗಿಸಿ ನಿಂತು ಕೇಳಿದ್ದರು: “ಇದರ ಚಿಕ್ಕದು ಎಲ್ಲಾದ್ರೂ ಸಿಗತ್ತೇನಯ್ಯ? ನಿಂಗೆ ಇಂಥದೆಲ್ಲ ಗೊತ್ತಿರತ್ತೆ.” ಅವರ ಮೊಣಕೈಗೆ ತಾಗುತ್ತಿದ್ದ ಡ್ರಾಯರಿನಲ್ಲೇ ಅದು ಇತ್ತು. “ಗೊತ್ತಿಲ್ಲ ಸಾರ್,” ಎಂದಿದ್ದ ಅವನು. ರಾತ್ರಿ ಕೊಕ್ಕರೆ ಆ ಜಾಗ ಖಾಲಿ ಬಿಟ್ಟುಕೊಂಡು ಬಂದು ಕೂತಿದ್ದರು. ಆ ಖಾಲಿ ಜಾಗವನ್ನು ಎದುರಿಗಿಟ್ಟುಕೊಂಡು ಅವನು ಎರಡನೇ ಸಲ ಬಡಿಸಿಕೊಂಡು ಉಂಡಿದ್ದ. ಪದಕ ಬಾರದ್ದಕ್ಕೆ ಯಾರೂ ಸಾಯುವುದಿಲ್ಲ. ಆದರೆ ಆ ಊಟ ಅಷ್ಟು ರುಚಿಸಿತಲ್ಲ, ಆ ರುಚಿ ಇವತ್ತಿನವರೆಗೂ ನಾಲಿಗೆಯ ಮೇಲಿತ್ತು. ಈಗ ಮಗಳು ಅದೇ ಜಾಗ ಖಾಲಿ ಬಿಟ್ಟುಕೊಂಡು ಅವನ ಎದುರಿಗೆ ಕೂರಲಿದ್ದಳು.

ಕೊಟ್ಟುಬಿಡಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹೇಗೆ? ಇದು ಯಾರದು ಅಪ್ಪ ಎಂದು ಕೇಳದೆ ಬಿಡುವವಳಲ್ಲ. ಬಾರದ ಪದಕವನ್ನು ಮೊದಲೇ ಕೊಂಡು ಬಚ್ಚಿಟ್ಟವನು ನಿನ್ನಪ್ಪ ಎಂದು ಹೇಳುವುದೇ? ನೌಕಾಪಡೆಯಲ್ಲಿ ಇದಕ್ಕಿಂತ ನಗೆಪಾಟಲಿನ ಸಂಗತಿ ಇಲ್ಲ. ಕುಡಿದು ಸಮುದ್ರಕ್ಕೆ ಬಿದ್ದವನ ಕಥೆಯನ್ನಾದರೂ ಜನ ಪ್ರೀತಿಯಿಂದ ಹೇಳುತ್ತಾರೆ. ಎಂಜಿನಿಯರನಿಗೆ ಕಷ್ಟ ಬಂದರೆ ದೇವರಿಗಿಂತ ಮೊದಲು ಉಪಾಯ ನೆನಪಾಗುತ್ತದೆ. ಅವನಿಗೂ ನೆನಪಾಯಿತು. ಸ್ಲೈಡ್ ರೂಲಿನ ಚೀಲವನ್ನು ಕಂಕುಳಿಗೆ ಇರುಕಿಕೊಂಡು ಹೊರಟ.

“ಈ ಬಿಸಿಲಲ್ಲಿ ಎಲ್ಲಿಗೆ ರೀ?” ಎಂದಳು ಹೆಂಡತಿ ಹೊಸಲಲ್ಲಿ.

“ಕೋಟು ಸ್ವಲ್ಪ ಬಿಗಿಯಾಗಿದೆ. ಮಾಸ್ಟರ್ ಹತ್ರ ಬಿಡಿಸ್ಕೊಂಡು ಬರ್ತೀನಿ.”

“ಮತ್ತೆ ಕೋಟು ಮೊಳೆಗೆ ನೇತಾಡ್ತಾ ಇದೆ?”

“ಮೊದಲು ಹೇಳಿ ಬರ್ತೀನಿ. ಆಮೇಲೆ ತಗೊಂಡು ಹೋಗ್ತೀನಿ.”

ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿ, “ಬುದ್ಧಿವಂತರು,” ಎಂದಳು.

ಮಾಸ್ಟರ್ ಎಂದರೆ ಬಂದರಿನ ಗೇಟಿನ ಎದುರಿನ ದರ್ಜಿ. ಅಧಿಕಾರಿಗಳ ಸಮವಸ್ತ್ರ ಹೊಲಿಯುವುದು, ಪದಕಗಳನ್ನು ಸಾಲಾಗಿ ಪಟ್ಟಿಗೆ ಕೂರಿಸುವುದು ಅವನ ಕಸುಬು. ಕಿರಿದಾದ ಅಂಗಡಿ, ಗೋಡೆಯ ತುಂಬ ಬಣ್ಣಬಣ್ಣದ ರಿಬ್ಬನ್ನಿನ ಸುರುಳಿಗಳು, ಸುಣ್ಣದ ಕಡ್ಡಿಯ ಧೂಳು, ಇಸ್ತ್ರಿಯ ಬಿಸಿ ಬಟ್ಟೆಯ ವಾಸನೆ. ಕಮಡೋರ್ ಚೀಲ ತೆಗೆದು, ಒಳಗಿನದನ್ನು ಮೇಜಿನ ಮೇಲೆ ಇಟ್ಟ. ಬಿಸಿಲಿನಲ್ಲಿ ನಡೆದು ಬಂದದ್ದಕ್ಕೋ ಏನೋ ಕಿವಿ ಬಿಸಿಯಾಗಿತ್ತು.

“ಕೇಳಿ ಮಾಸ್ಟರ್. ಮಧ್ಯಾಹ್ನ ನನ್ನ ಮಗಳು ಬರ್ತಾಳೆ. ಹಳೇ ಸರಕಿನಲ್ಲಿ ಹುಡುಕಿದೆ, ಒಂದು ಸಿಕ್ತು ಅಂತ ಹೇಳಿ ಇದನ್ನ ಹೊಲಿದು ಕೊಡಿ. ನನ್ನ ಹೆಸರು ಎತ್ತಬೇಡಿ.”

ಮಾಸ್ಟರ್ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ, ಮರಿಯನ್ನು ಬೆಳಕಿಗೆ ಹಿಡಿದ. ರಿಬ್ಬನ್ನನ್ನು ಹೆಬ್ಬೆರಳಿನಿಂದ ಉಜ್ಜಿದ. ಹಿಂದೆ ಮುಂದೆ ತಿರುಗಿಸಿದ.

“ಸೂಜಿಯ ತೂತೇ ಇಲ್ವಲ್ಲ ಸಾರ್. ಒಂದು ದಿನಾನೂ ಯಾರೂ ಹಾಕಿಲ್ಲ ಇದನ್ನ.”

“ಹ್ಞೂಂ.”

“ನಿಮಗಂತೂ ಇದು ಬಂದಿಲ್ಲ. ನಿಮ್ಮ ಸಾಲು ಹೊಲಿದವನೇ ನಾನು.”

“ಬಂದಿಲ್ಲ.”

ಮಾಸ್ಟರ್ ಮುಂದೆ ಕೇಳಲಿಲ್ಲ. ನಕ್ಕಿದ್ದರೂ ಆಗುತ್ತಿತ್ತು. ಅವನ ಮುಖ ಅಳತೆ ತೆಗೆಯುವವನ ಮುಖದಷ್ಟೇ ಗಂಭೀರವಾಗಿತ್ತು. ಅದೇ ಇನ್ನೂ ಕಷ್ಟವಾಯಿತು. ಆಮೇಲೆ ಅವನು ನಿಟ್ಟುಸಿರು ಬಿಟ್ಟು, “ಕೂಸು ಹುಟ್ಟೋಕೆ ಮುಂಚೆ ಕುಲಾವಿ,” ಎಂದ. “ಹೋಗ್ಲಿ ಬಿಡಿ ಸಾರ್. ಕುಲಾವಿ ಹೊಲಿಯೋದೇ ನನ್ನ ಹೊಟ್ಟೆಪಾಡು. ಎಲ್ಲರೂ ಕೂಸು ಹುಟ್ಟಿದ ಮೇಲೇ ಬಂದ್ರೆ ನಾನು ಅಂಗಡಿ ಮುಚ್ಚಬೇಕಾಗತ್ತೆ. ಆದ್ರೆ ಒಂದು ತೊಡಕಿದೆ. ಈ ರಿಬ್ಬನ್ ಹಳೇದು. ಇದರಲ್ಲಿ ಒಂದೇ ಕೆಂಪು ಗೆರೆ. ಈಗಿನದರಲ್ಲಿ ಎರಡು. ಹೀಗೇ ಹೊಲಿದ್ರೆ ಅಡ್ಮಿರಲ್ ಸಾಹೇಬ್ರು ಸೂಪಿನ ಚಮಚ ಕೆಳಗಿಟ್ಟು, ಯಾರದಮ್ಮ ಇದು ಅಂತ ಕೇಳ್ತಾರೆ.”

“ಬದಲಾಯಿಸಿ.”

“ಅದೇ ಮಾಡೋದು. ರಿಬ್ಬನ್ ಬದಲಾದ್ರೆ ಆಯ್ತು, ಬೆಳ್ಳಿಗೆ ವಯಸ್ಸಿಲ್ಲ. ಮರಿಗಳ ಅಂಚಿನಲ್ಲಿ ಹೆಸರೂ ಇರಲ್ಲ. ಯಾರು ಹಾಕಿದ್ರೆ ಅವರದ್ದು.”

ಮಾಸ್ಟರ್ ಕತ್ತರಿ ತೆಗೆದುಕೊಂಡ. ರಿಬ್ಬನ್ ಕತ್ತರಿಸುವಾಗ ಬಂದ ಸದ್ದು ಬಲು ಚಿಕ್ಕದು, ಉಗುರು ಕತ್ತರಿಸಿದ ಹಾಗೆ. ಬಿಳಿಯ ನಡುವೆ ಒಂದೇ ಕೆಂಪು ಗೆರೆಯ ಆ ತುಂಡು ಮೇಜಿನ ಮೇಲೆ ಸುರುಳಿಯಾಗಿ ಬಿತ್ತು. ಕಮಡೋರನ ಎದೆ ಹಗುರಾಯಿತು. ಕೆಲಸ ಸುಸೂತ್ರವಾಗಿತ್ತು. ಸುಳ್ಳಿಗೂ ಒಂದು ಅಚ್ಚುಕಟ್ಟು ಬೇಕು, ಸೋರುವ ಜಾಗಗಳನ್ನೆಲ್ಲ ಮೊದಲೇ ಬಿಗಿದಿರಬೇಕು ಎಂದು ಅವನು ತನ್ನಷ್ಟಕ್ಕೆ ಹೆಮ್ಮೆಪಟ್ಟುಕೊಳ್ಳುತ್ತಿರುವಾಗಲೇ ಬಾಗಿಲಲ್ಲಿ ನೆರಳು ಬಿತ್ತು.

“ಅಪ್ಪ? ನೀವಿಲ್ಲಿ?”

ಮಧ್ಯಾಹ್ನ ಎಂದವಳು ಹೊತ್ತಿಗೆ ಮುಂಚೆಯೇ ಬಂದಿದ್ದಳು. ಹೊತ್ತಿಗೆ ಮುಂಚೆ ಬರುವುದನ್ನು ಅವಳಿಗೆ ಕಲಿಸಿದವನೇ ಅವನು. “ಕೋಟು ಬಿಗಿ,” ಎಂದ. ಅವಳು ಕೋಟಿಗಾಗಿ ಕಣ್ಣಾಡಿಸಿದಳು. ಕೋಟು ಇರಲಿಲ್ಲ. ಅಪ್ಪನ ಸ್ಲೈಡ್ ರೂಲಿನ ಚೀಲ ಇತ್ತು. ಮಾಸ್ಟರನ ಬೆರಳಿನಲ್ಲಿ ರಿಬ್ಬನ್ನಿಲ್ಲದ ಬೋಳು ಮರಿ ಇತ್ತು.

“ಬನ್ನಿ ಮೇಡಮ್, ನಿಮ್ಮ ಅದೃಷ್ಟ ನೋಡಿ!” ಎಂದು ಮಾಸ್ಟರ್ ಒಪ್ಪಿಸತೊಡಗಿದ. “ಹಳೇ ಸರಕಿನಲ್ಲಿ ಹುಡುಕಿದೆ, ಒಂದು…”

ಅವಳು ಮೇಜಿನ ಮೇಲಿನ ತುಂಡನ್ನು ಎತ್ತಿ ಬೆರಳಿಗೆ ಸುತ್ತಿಕೊಂಡಳು. “ಒಂದೇ ಗೆರೆ. ಇದು ಬದಲಾಗಿ ಎಷ್ಟು ಕಾಲ ಆಯ್ತು!” ಎಂದಳು. ತುಂಡನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಸೂಜಿಯ ತೂತುಗಳನ್ನು ಹುಡುಕುತ್ತಿದ್ದಾಳೆ ಎಂದು ಕಮಡೋರನಿಗೆ ತಿಳಿಯಿತು. ಇದೇ ಕಸುಬಿನವಳು, ಇವಳ ಮುಂದೆ ಏನು ಮುಚ್ಚಿಡುವುದು? ಅಂಗಡಿಯ ಫ್ಯಾನು ತಿರುಗುತ್ತಿತ್ತು. ಅದರ ಒಂದು ರೆಕ್ಕೆ ಸ್ವಲ್ಪ ಬಾಗಿದೆ, ಸರಿ ಮಾಡಬೇಕು ಎಂದು ಅವನ ತಲೆಯ ಒಂದು ಭಾಗ ಯೋಚಿಸುತ್ತಿತ್ತು.

“ಯಾರದಪ್ಪ ಇದು?”

ಮಾಸ್ಟರ್ ಸುಳ್ಳು ಹೇಳಲು ಸಿದ್ಧನಾಗಿ ಉಸಿರೆಳೆದುಕೊಂಡ. ಕಮಡೋರ್ ಕೈ ಎತ್ತಿ ಅವನನ್ನು ತಡೆದ. ಗೊತ್ತಿಲ್ಲ ಎಂಬ ಮಾತು ಅವನ ನಾಲಿಗೆಯ ತುದಿಗೂ ಬಂದಿತ್ತು.

“ನಂದೇ. ಎಂಜಿನ್ ರೂಮಿಗೆ ಬೆಂಕಿ ಬಿದ್ದಾಗ ಹೆಸರು ಮೇಲೆ ಹೋಗಿದೆ, ಆಯ್ತು ಅಂತ್ಲೇ ತಿಳ್ಕೋ ಅಂತ ನಮ್ಮ ಕ್ಯಾಪ್ಟನ್ ಕೊಕ್ಕರೆ ಹೇಳಿದ್ರು. ಕೊಂಡುಬಿಟ್ಟೆ. ಬರಲಿಲ್ಲ. ಅವರಿಗೆ ಬಂತು.”

ಮಗಳು ಅವನನ್ನು ನೋಡಿದಳು. ಅವಳ ತುಟಿ ಬಿಗಿಯಾಯಿತು, ಕೆನ್ನೆ ಉಬ್ಬಿತು, ಆಮೇಲೆ ಪೈಪು ಒಡೆದ ಹಾಗೆ ನಗು ಬಂತು. ಬಾಗಿ, ಮೇಜು ಹಿಡಿದುಕೊಂಡು ನಕ್ಕಳು. ಇಷ್ಟು ವರ್ಷ ಅವನು ಹೆದರಿದ್ದು ಇದೇ ನಗುವಿಗೆ. ಅದು ಬಂದೇ ಬಂದಿತ್ತು. ಕಮಡೋರ್ ಬೆನ್ನು ನೆಟ್ಟಗೆ ಮಾಡಿಕೊಂಡು, ಕವಾಯತಿನಲ್ಲಿ ನಿಂತವನಂತೆ, ಅದು ಮುಗಿಯಲಿ ಎಂದು ಕಾದ.

“ಅಪ್ಪ,” ಎಂದಳು ಅವಳು, ಕಣ್ಣು ಒರೆಸಿಕೊಂಡು, ಉಸಿರು ಸಿಗದೆ. “ಅಪ್ಪ, ನನ್ನ ಹತ್ರಾನೂ ಒಂದಿದೆ.”

“ಏನು?”

“ಇದಲ್ಲ, ಬೇರೆ. ಹಿಂದಿನ ಹಡಗಿನಲ್ಲಿದ್ದಾಗ. ನಮ್ಮ ಕ್ಯಾಪ್ಟನ್ನೂ ಹೀಗೇ ಹೇಳಿದ್ರು, ಆಯ್ತು ಅಂತ್ಲೇ ತಿಳ್ಕೋ ಅಂತ. ಅವತ್ತೇ ಹೋಗಿ ಕೊಂಡೆ. ನನ್ನ ಟ್ರಂಕಿನಲ್ಲಿ ಕಾಲುಚೀಲದ ಒಳಗೆ ಬಿದ್ದಿದೆ. ಅದಕ್ಕೇ ಈ ಸಲ ಎದೆಗೆ ಚುಚ್ಚೋವರೆಗೂ ಅಂಗಡಿ ಕಡೆ ತಲೆ ಹಾಕಲಿಲ್ಲ. ಮತ್ತೆ ಮುಖಕ್ಕೆ ಮಸಿ ಬೇಡ ಅಂತ. ಅಷ್ಟರಲ್ಲಿ ಅವನ ಹತ್ರ ಖಾಲಿ!”

“ವಂಶದ ಕಾಯಿಲೆ,” ಎಂದ ಮಾಸ್ಟರ್, ತನಗೂ ಈಗ ನಗಲು ಅಪ್ಪಣೆ ಸಿಕ್ಕಂತೆ. “ಮೇಡಮ್, ಇದಕ್ಕೆ ಔಷಧಿ ಇಲ್ಲ. ರಿಬ್ಬನ್ ಮಾತ್ರ ಇದೆ. ಹೊಲೀಲಾ?”

“ಹೊಲೀರಿ ಮಾಸ್ಟರ್. ಮೊದಲನೇ ಜಾಗಕ್ಕೆ.”

ಮಾಸ್ಟರ್ ಹೊಸ ಸುರುಳಿ ಬಿಚ್ಚಿ ಅಳತೆಗೆ ತುಂಡರಿಸಿ, ದಾರ ಹಲ್ಲಿನಲ್ಲಿ ಕಡಿದು ಕೆಲಸಕ್ಕೆ ಕೂತ. ಮಗಳು ಎತ್ತರದ ಸ್ಟೂಲಿನ ಮೇಲೆ ಹತ್ತಿ ಕೂತಳು. ಕಮಡೋರ್ ನಿಂತೇ ಇದ್ದ. ಏನೋ ಇಳಿದಿತ್ತು, ಆ ಜಾಗದಲ್ಲಿ ಏನಿಡಬೇಕೆಂದು ಅವನಿಗೆ ತಿಳಿದಿರಲಿಲ್ಲ. ಕೊಕ್ಕರೆಯ ಊಟದ ಸಂಗತಿಯನ್ನೂ ಹೇಳಿಬಿಡಬೇಕು ಎನ್ನಿಸಿತು. ಹೇಳಿದ. ಎರಡನೇ ಸಲ ಬಡಿಸಿಕೊಂಡದ್ದನ್ನೂ ಬಿಡದೆ ಹೇಳಿದ. ಮಗಳು ಈ ಸಲ ನಗಲಿಲ್ಲ. “ಛೆ, ಪಾಪ,” ಎಂದಳು. ಅದು ಕೊಕ್ಕರೆಗೋ ತನಗೋ ಎಂದು ಅವನು ಕೇಳಲಿಲ್ಲ. ಇಬ್ಬರಿಗೂ ಸಾಲುವಷ್ಟು ಇತ್ತು.

ಮಾಸ್ಟರ್ ಮರಿಯನ್ನು ಪಟ್ಟಿಯ ಮೊದಲ ಜಾಗಕ್ಕೆ ಒತ್ತಿ ಹಿಡಿದು ಹೊಲಿಯತೊಡಗಿದ.

“ಬೆಂಕಿ ಹೇಗಿತ್ತು?” ಎಂದಳು ಮಗಳು.

“ಯಾವ ಬೆಂಕಿ?”

“ನಿಮ್ಮ ಬೆಂಕಿ ಅಪ್ಪ. ಪದಕದ ಕಥೆ ಹೇಳಿದ್ರಿ, ಬೆಂಕಿಯ ಕಥೆ ಹೇಳಲೇ ಇಲ್ಲ. ಯಾವತ್ತೂ ಹೇಳಿಲ್ಲ.”

ಕಮಡೋರ್ ಬಾಯಿ ತೆರೆದ. ಅವನ ಹತ್ತಿರ ಆ ಬೆಂಕಿಗೆ ಒಂದು ವಾಕ್ಯ ಇತ್ತು. ಪದಕ ಕೊಡುವಾಗ ಎಲ್ಲರ ಮುಂದೆ ಓದುತ್ತಾರಲ್ಲ, ಜೀವದ ಹಂಗು ತೊರೆದು ಎಂದು, ಆ ಧಾಟಿಯ ವಾಕ್ಯ. ಆ ದಿನಗಳಲ್ಲಿ ಕ್ಯಾಬಿನ್ನಿನಲ್ಲಿ ಮಲಗಿ ತಾನೇ ಮನಸ್ಸಿನಲ್ಲಿ ಬರೆದು ತಿದ್ದಿ ತಿದ್ದಿ ಹೊಳಪು ಮಾಡಿದ್ದು. ಅದು ಬರಲಿಲ್ಲ. ಅಂಗಡಿಯ ನೀಲಿ ಮಕಮಲ್ಲು ನೆನಪಾಯಿತು, ಚಪ್ಪಾಳೆ ನೆನಪಾಯಿತು. ಅವೆರಡರ ಹಿಂದೆ, ಇಷ್ಟು ವರ್ಷ ಅವನು ತಿರುಗಿಯೂ ನೋಡದೆ ಬಿಟ್ಟಿದ್ದ ಕಡೆ, ಒಂದು ಕಬ್ಬಿಣದ ಏಣಿ ಹೊಗೆಯೊಳಗೆ ಇಳಿಯುತ್ತಿತ್ತು. ಅದರ ಕಂಬಿ ಬಿಸಿಯಾಗಿತ್ತು. ಕೈಗವಸು ಕಂಬಿಗೆ ಅಂಟಿ ಅಂಟಿ ಬಿಡುತ್ತಿತ್ತು. ಮೇಲಿಂದ ಯಾರೋ ಅವನ ಹೆಸರು ಕೂಗುತ್ತಿದ್ದರು.

“ಕಾಲು ನಡುಗ್ತಿತ್ತು,” ಎಂದ. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. “ನಾಲ್ಕೈದು ಮೆಟ್ಟಿಲು ಇಳಿದೆ. ಇಳಿದು… ವಾಪಸು ಹತ್ತಿ ಬಂದೆ. ಮಾಸ್ಕು ಸರಿ ಮಾಡ್ಕೋಬೇಕು ಅಂದೆ ಅವರಿಗೆಲ್ಲ. ಮಾಸ್ಕು ಸರಿಯಾಗೇ ಇತ್ತು.”

ಮಾಸ್ಟರನ ಸೂಜಿ ನಿಂತಿತು. ಮಗಳು ಕೆಳಗೆ ನೋಡುತ್ತ, ಬೆರಳಿಗೆ ಸುತ್ತಿದ್ದ ಹಳೆಯ ರಿಬ್ಬನ್ನನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದಳು.

“ನಾನು ಆ ಸರಕಿನ ಹಡಗಿನಲ್ಲಿ ಎರಡು ಸಲ ವಾಪಸು ಹತ್ತಿ ಬಂದೆ,” ಎಂದಳು.

ಹೊರಗೆ ಬಂದರಿನ ಕಡೆಯಿಂದ ಯಾವುದೋ ಹಡಗು ಹೊರಡುವ ಕೂಗು ಹಾಕಿತು. ಇಬ್ಬರೂ ಅಭ್ಯಾಸದಿಂದ ಆ ಕಡೆ ಕಿವಿಗೊಟ್ಟರು, ಮುಗಿಯುವವರೆಗೆ ಕಾದರು.

“ಆಮೇಲೆ?” ಎಂದಳು ಮಗಳು.

ಕಮಡೋರ್ ಇಸ್ತ್ರಿ ಮೇಜಿನ ಕೆಳಗಿನಿಂದ ಇನ್ನೊಂದು ಸ್ಟೂಲು ಎಳೆದು ಅವಳ ಎದುರಿಗೆ ಹಾಕಿಕೊಂಡು ಕೂತ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಇಕ್ಕಟ್ಟು.

“ಆಮೇಲೆ ಇಳಿದೆ,” ಎಂದ.